ಬಂಡೆಯ ಬುಡಕ್ಕೆ ನಡೆದು ಹೋಗಲು ಯಾವ ಜೋಡು? ಹಗುರ ಶೂಗಳ ಹೋಲಿಕೆ

ಕ್ಲೈಂಬಿಂಗ್ ಶೂ ಬಗ್ಗೆ ಕೇಳಿದರೆ ನಮ್ಮವರು ಗಂಟೆಗಟ್ಟಲೆ ಮಾತಾಡುತ್ತಾರೆ. ಯಾವ ರಬ್ಬರ್, ಎಷ್ಟು ಬಿಗಿ, ಬೆರಳು ಎಷ್ಟು ಮಡಚಿರಬೇಕು, ಎಲ್ಲವೂ ಬಾಯಿಪಾಠ. ಬಂಡೆಯ ಬುಡದವರೆಗೆ ನಡೆದು ಹೋಗುವ ಶೂ ವಿಷಯ ಬಂದಾಗ ಮಾತ್ರ, ಬಾಗಿಲ ಹತ್ತಿರ ಮೊದಲು ಸಿಕ್ಕಿದ್ದನ್ನು ಹಾಕಿಕೊಂಡು ಹೊರಟುಬಿಡುತ್ತಾರೆ. ಆಫೀಸಿನ ಸ್ನೀಕರ್, ಜಿಮ್ ಶೂ, ಹವಾಯಿ ಚಪ್ಪಲಿ, ಏನಾದರೂ ಸರಿ. ನಮ್ಮ ಕಡೆ ದಾರಿ ಚಿಕ್ಕದು ಅನ್ನುವುದೇ ಇದಕ್ಕೆ ಕಾರಣ. ಬೆಂಗಳೂರಿನ ತುರಹಳ್ಳಿಯಲ್ಲಿ ಗಾಡಿ ನಿಲ್ಲಿಸಿ ಸ್ವಲ್ಪ ನಡೆದರೆ ಗುಂಡುಬಂಡೆಗಳು ಸಿಗುತ್ತವೆ. ಬಾದಾಮಿಯಲ್ಲಂತೂ ಊರಿಗೆ ಅಂಟಿಕೊಂಡೇ ಬಂಡೆ. ಇಷ್ಟು ದೂರಕ್ಕೆ ಬೇರೆ ಶೂ ಯಾಕೆ ಅನ್ನಿಸುವುದು ಸಹಜ.

ಆದರೆ ಒಂದು ವಿಷಯ ಯೋಚಿಸಿ. ಬಂಡೆ ಹತ್ತುವಾಗ ಕಾಲು ಜಾರಿದರೆ ಹಗ್ಗ ಹಿಡಿಯುತ್ತದೆ, ಕೆಳಗೆ ಬಿಲೇ ಮಾಡುವವರು (ಹಗ್ಗ ಹಿಡಿದು ನಿಮ್ಮನ್ನು ಕಾಯುವವರು) ಇರುತ್ತಾರೆ. ಬುಡಕ್ಕೆ ಹೋಗುವ ದಾರಿಯಲ್ಲಿ, ತುದಿಯಿಂದ ಇಳಿಯುವ ದಾರಿಯಲ್ಲಿ ಈ ಎರಡೂ ಇಲ್ಲ. ಬೆನ್ನ ಮೇಲೆ ಹಗ್ಗ, ಹಾರ್ನೆಸ್ (ಹಗ್ಗ ಕಟ್ಟಿಕೊಳ್ಳಲು ಸೊಂಟಕ್ಕೆ ಹಾಕುವ ಪಟ್ಟಿ), ನೀರು ಎಲ್ಲ ಸೇರಿ ಹತ್ತು ಕೆಜಿ ಭಾರ. ಇಳಿಯುವ ಹೊತ್ತಿಗೆ ಮೈ ದಣಿದಿರುತ್ತದೆ, ಕೆಲವೊಮ್ಮೆ ಕತ್ತಲೂ ಆಗುತ್ತಿರುತ್ತದೆ. ಕಾಲು ಉಳುಕುವುದಕ್ಕೆ, ಬಿದ್ದು ಮೈಕೈ ಮುರಿದುಕೊಳ್ಳುವುದಕ್ಕೆ ಇದಕ್ಕಿಂತ ಸುಲಭದ ಜಾಗ ಬೇಕಾ?

ಹಾಗಾಗಿ ನನ್ನ ಅಳತೆ ಒಂದೇ. ಹೋಗುವ ದಾರಿ ನೋಡಿ ಶೂ ಆರಿಸಬೇಡಿ, ಇಳಿಯುವ ದಾರಿ ನೋಡಿ ಆರಿಸಿ. ಆ ದಾರಿಯಲ್ಲಿ ಅತಿ ಕೆಟ್ಟ ಹತ್ತು ಹೆಜ್ಜೆ ಎಲ್ಲಿದೆ? ಅಲ್ಲಿ ಈ ಶೂ ನಿಲ್ಲುತ್ತದಾ? ಇದಕ್ಕೆ ಉತ್ತರ ಸಿಕ್ಕ ಮೇಲೆ ತೂಕ, ಬೆಲೆ, ಬಣ್ಣ.

ಮೊದಲು ನೆಲ ನೋಡಿ

ರಾಮನಗರ ಮತ್ತು ಸಾವನದುರ್ಗದ ಕಲ್ಲು ಕ್ಲೋಸ್‌ಪೇಟೆ ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಳೆಯದು. ಬಗ್ಗಿ ಹತ್ತಿರದಿಂದ ನೋಡಿದರೆ ಬೂದು ಕಲ್ಲಿನ ನಡುವೆ ಬೆರಳಿನ ಉಗುರಿನಷ್ಟು ದೊಡ್ಡ ಗುಲಾಬಿ, ಬಿಳಿ ಹರಳುಗಳು ಕಾಣುತ್ತವೆ. ಮಳೆ ಬಿಸಿಲಿಗೆ ಸುತ್ತಲಿನ ಕಲ್ಲು ಸವೆದು ಈ ಹರಳುಗಳು ಕೂದಲೆಳೆಯಷ್ಟು ಎದ್ದು ನಿಂತಿರುತ್ತವೆ. ಕೈಯಾಡಿಸಿದರೆ ಚರ್ಮಕ್ಕೆ ತರಿತರಿಯಾಗಿ ತಾಕುತ್ತದೆ. ಮೆತ್ತನೆ ರಬ್ಬರಿನ ಸೋಲ್ ಇಟ್ಟು ಭಾರ ಹಾಕಿದರೆ ರಬ್ಬರ್ ಆ ಹರಳುಗಳ ಸುತ್ತ ಇಳಿದು ಕೂರುತ್ತದೆ. ಸೋಲ್ ಗಟ್ಟಿಯಾಗಿದ್ದರೆ ನಾಲ್ಕೈದು ಹರಳಿನ ತಲೆಯ ಮೇಲೆ ಮಾತ್ರ ನಿಂತಿರುತ್ತದೆ. ಬೋಳು ಇಳಿಜಾರಿನಲ್ಲಿ ಒಂದು ಶೂ ಹಿಡಿಯುವುದು, ಇನ್ನೊಂದು ಜಾರುವುದು ಇದೇ ಕಾರಣಕ್ಕೆ. ಇಲ್ಲಿ ಸೋಲ್‌ನ ಹಲ್ಲುಗಳಿಂದ ಏನೂ ಪ್ರಯೋಜನವಿಲ್ಲ. ರಬ್ಬರ್ ಎಷ್ಟು ಮೆತ್ತಗಿದೆ, ಎಷ್ಟು ಅಗಲವಾಗಿ ಕಲ್ಲಿಗೆ ತಾಕುತ್ತದೆ ಅನ್ನುವುದೇ ಮುಖ್ಯ.

ಸಾವನದುರ್ಗದ ಎತ್ತರ 1226 ಮೀಟರ್. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ಗುಡ್ಡಗಳು. ಇಲ್ಲಿ ಉದ್ದದ ಮಲ್ಟಿಪಿಚ್ (ಹಲವು ಪಿಚ್, ಅಂದರೆ ಹಗ್ಗದ ಹಂತಗಳಲ್ಲಿ ಹತ್ತುವ ದಾರಿ) ಹತ್ತಿ ತುದಿ ತಲುಪಿದವರು ಸಾಮಾನ್ಯವಾಗಿ ಹಗ್ಗದಲ್ಲಿ ವಾಪಸ್ ಇಳಿಯುವುದಿಲ್ಲ. ಚಾರಣಿಗರು ಬರುವ ಬೋಳು ಬಂಡೆಯ ದಾರಿಯಲ್ಲಿ ನಡೆದೇ ಇಳಿಯುತ್ತಾರೆ. ಅಂದರೆ ಬುಡದಲ್ಲಿ ಬಿಚ್ಚಿಟ್ಟ ಶೂ ಬುಡದಲ್ಲೇ ಉಳಿಯುತ್ತದೆ. ಬಿಗಿಯಾದ ಕ್ಲೈಂಬಿಂಗ್ ಶೂನಲ್ಲಿ ಅಷ್ಟು ದೂರ ಇಳಿಯುವುದು ಕಾಲಿನ ಉಗುರಿಗೆ ಕೊಡುವ ಶಿಕ್ಷೆ. ಬರಿಗಾಲಲ್ಲಿ ಇಳಿಯೋಣ ಅಂದರೆ ಮಧ್ಯಾಹ್ನದ ಬಂಡೆ ಸುಡುತ್ತಿರುತ್ತದೆ. ಹಾಗಾಗಿ ಶೂ ಹಾರ್ನೆಸ್‌ಗೆ ನೇತುಹಾಕಿಕೊಂಡೇ ಹತ್ತಬೇಕು. ತೂಕದ ಲೆಕ್ಕ ನಿಜವಾಗಿ ಶುರುವಾಗುವುದು ಇಲ್ಲಿಂದ.

ಹಂಪಿಯದೂ ಗ್ರಾನೈಟೇ, ಆದರೆ ನಡಿಗೆ ಬೇರೆ ಥರ. ಸಾಣಾಪುರದ ಕಡೆ ಗುಂಡಿನಿಂದ ಗುಂಡಿಗೆ ಹಾರಿ, ಸಂದಿಯಲ್ಲಿ ಇಳಿದು, ಮತ್ತೆ ಹತ್ತಿ ಹೋಗಬೇಕು. ಬೆನ್ನ ಮೇಲೆ ಕ್ರ್ಯಾಶ್ ಪ್ಯಾಡ್ (ಬಿದ್ದರೆ ಪೆಟ್ಟಾಗದಂತೆ ಕೆಳಗೆ ಹಾಸುವ ದಪ್ಪ ಮೆತ್ತೆ) ಬೇರೆ. ಅದು ಅಗಲವಾಗಿರುವುದರಿಂದ ಸಂದಿಗಳಲ್ಲಿ ಪಕ್ಕದ ಬಂಡೆಗೆ ತಾಗಿ ನಿಮ್ಮನ್ನು ತಳ್ಳುತ್ತದೆ. ಇಳಿಯುವಾಗ ಹಿಂದಿನ ಕಲ್ಲಿಗೆ ಒತ್ತಿ ಮುಂದಕ್ಕೆ ನೂಕುತ್ತದೆ. ಕಾಲು ಇಟ್ಟ ಜಾಗದಲ್ಲೇ ನಿಲ್ಲಬೇಕು, ಶೂ ಒಳಗೆ ಪಾದ ಅತ್ತಿತ್ತ ಹೊರಳಬಾರದು. ಇಲ್ಲಿ ಎತ್ತರದ ಮೆತ್ತನೆ ಹಿಮ್ಮಡಿಯ ಶೂ ಅಪಾಯ.

ಬಾದಾಮಿಯದು ಮರಳುಗಲ್ಲು. ಕಲ್ಲಿನ ಮೇಲೆ ನೇರವಾಗಿ ಕಾಲಿಟ್ಟರೆ ಚೆನ್ನಾಗಿ ಹಿಡಿಯುತ್ತದೆ. ತೊಂದರೆ ಕೊಡುವುದು ಅದರಿಂದಲೇ ಉದುರಿದ ಮರಳು. ಬಂಡೆಯ ಚಪ್ಪಟೆ ಅಂಚುಗಳ ಮೇಲೆ ತೆಳುವಾಗಿ ಹರಡಿಕೊಂಡಿರುತ್ತದೆ, ಕಾಲಿಟ್ಟರೆ ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ. ಅದರ ಜೊತೆಗೆ ಬಳ್ಳಾರಿ ಜಾಲಿ. ಹಂಪಿಯಲ್ಲೂ ಇದೆ, ಬಾದಾಮಿಯಲ್ಲೂ ಇದೆ. ಆ ಮುಳ್ಳಿನ ವಿಷಯಕ್ಕೆ ಚಪ್ಪಲಿಯ ಜಾಗದಲ್ಲಿ ಬರುತ್ತೇನೆ.

ಪಶ್ಚಿಮ ಘಟ್ಟದ ಕಡೆ ಹೋಗುವವರಿಗೆ ಲೆಕ್ಕವೇ ಬೇರೆ. ಕೆಸರು, ಬೇರು, ಜಿಗಣೆ, ಉದ್ದದ ಕಾಡು ದಾರಿ. ಅಲ್ಲಿ ಹಲ್ಲಿರುವ ಸೋಲ್ ಬೇಕು. ಈ ಬರಹ ಮುಖ್ಯವಾಗಿ ಬಯಲುಸೀಮೆಯ ಬಂಡೆಗಳಿಗೆ.

ಇನ್ನೊಂದು ಮಾತು. ಮಳೆ ನೀರು ಹರಿದು ಪಾಚಿ ಕಟ್ಟಿದ ಕಪ್ಪು ಪಟ್ಟೆಗಳ ಮೇಲೆ, ಅವು ಒದ್ದೆಯಾಗಿದ್ದಾಗ, ಯಾವ ಶೂ ಕೂಡ ನಿಲ್ಲುವುದಿಲ್ಲ. ಎಷ್ಟೇ ದುಡ್ಡು ಕೊಟ್ಟಿದ್ದರೂ ಅಷ್ಟೇ. ಅಲ್ಲಿ ದಾರಿ ಬಳಸಿ ಹೋಗಿ, ಇಲ್ಲವೇ ಹಗ್ಗ ಹಾಕಿ.

ಅಪ್ರೋಚ್ ಶೂ

ಈ ಕೆಲಸಕ್ಕೆಂದೇ ಮಾಡಿದ ಶೂ ಇದು. ಅಮೆರಿಕದ ಚಾರ್ಲ್ಸ್ ಕೋಲ್ 1980ರ ದಶಕದಲ್ಲಿ ಫೈವ್ ಟೆನ್ ಕಂಪನಿ ಕಟ್ಟಿ, ಸ್ಟೆಲ್ತ್ ಅನ್ನುವ ಅಂಟು ರಬ್ಬರನ್ನು ನಡೆಯುವ ಶೂಗೂ ಹಾಕಿದರು. 2011ರಲ್ಲಿ ಆ ಕಂಪನಿಯನ್ನು ಅಡಿಡಾಸ್ ಕೊಂಡಿತು. ಈಗ ಲಾ ಸ್ಪೋರ್ಟಿವಾ, ಸ್ಕಾರ್ಪಾ ಥರದ ಇಟಲಿಯ ಕಂಪನಿಗಳೂ ಮಾಡುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ವಿಬ್ರಮ್ ಸೋಲ್.

ವಿಬ್ರಮ್ ಹುಟ್ಟಿದ ಕಥೆ ಇಲ್ಲಿ ಹೇಳಲೇಬೇಕು. 1935ರಲ್ಲಿ ಆಲ್ಪ್ಸ್‌ನ ಪುಂಟಾ ರಾಸಿಕಾ ಶಿಖರದಲ್ಲಿ ಇಟಲಿಯ ಪರ್ವತಾರೋಹಿ ವಿತಾಲೆ ಬ್ರಮಾನಿಯ ಜೊತೆಗಾರರಲ್ಲಿ ಆರು ಮಂದಿ ಸತ್ತರು. ಕಾಲಿಗೆ ಹಾಕಿದ್ದು ಆ ಜಾಗಕ್ಕೆ ತಕ್ಕದ್ದಲ್ಲದೆ ಇದ್ದದ್ದೂ ಅದಕ್ಕೆ ಒಂದು ಕಾರಣವಾಗಿತ್ತು. ಆ ಸಾವುಗಳ ನಂತರವೇ ಬ್ರಮಾನಿ ರಬ್ಬರ್ ಸೋಲ್ ಕೆಲಸಕ್ಕೆ ಇಳಿದದ್ದು, 1937ರಲ್ಲಿ ಅದು ಹೊರಬಂತು. ಹಗುರವಾದ ಜೋಡು ಹುಡುಕುವವರೆಲ್ಲ ಇದನ್ನು ನೆನಪಿಟ್ಟುಕೊಳ್ಳಬೇಕು ಅಂತ ನನಗನ್ನಿಸುತ್ತದೆ.

ಶೂ ತಿರುಗಿಸಿ ನೋಡಿ. ಹೆಬ್ಬೆರಳ ಕೆಳಗೆ ಹಲ್ಲುಗಳಿಲ್ಲದ ನುಣುಪಾದ ಜಾಗ ಇರುತ್ತದೆ. ಸಣ್ಣ ಅಂಚಿನ ಮೇಲೆ ನಿಲ್ಲಲು, ಇಳಿಜಾರಿಗೆ ಪಾದದ ಮುಂಭಾಗ ಒತ್ತಲು ಅದು. ಮುಂದೆ ಸುತ್ತಲೂ ರಬ್ಬರ್ ಪಟ್ಟಿ, ಕಲ್ಲಿನ ಸಂದಿಗೆ ಕಾಲು ತುರುಕಿದಾಗ ಬಟ್ಟೆ ಹರಿಯಬಾರದು ಅಂತ. ಲೇಸು ಬೆರಳುಗಳ ಹತ್ತಿರದ ತನಕ ಇಳಿದಿರುತ್ತದೆ. ನಡೆಯುವಾಗ ಸಡಿಲ ಬಿಟ್ಟುಕೊಂಡು, ಕಷ್ಟದ ಜಾಗ ಬಂದಾಗ ಎಳೆದು ಬಿಗಿ ಮಾಡಬಹುದು. ಸಾಮಾನ್ಯ ಶೂನಲ್ಲಿ ಎಷ್ಟು ಎಳೆದರೂ ಮುಂಪಾದ ಒಳಗೆ ಜರುಗುತ್ತಲೇ ಇರುತ್ತದೆ.

ಇವುಗಳಲ್ಲೇ ಎರಡು ಜಾತಿ. ಒಂದು ಹಗುರ ಜಾತಿ. ಲಾ ಸ್ಪೋರ್ಟಿವಾದ ಟಿಎಕ್ಸ್2 ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಕಾಲಿನದು 300 ಗ್ರಾಂ ಒಳಗೇ. ಮೇಲ್ಭಾಗ ಬರೀ ಬಟ್ಟೆ, ಎರಡನ್ನೂ ಒಂದಕ್ಕೊಂದು ಒತ್ತಿ ಎಲಾಸ್ಟಿಕ್ ದಾರದಲ್ಲಿ ಬಿಗಿದರೆ ಒಂದು ಮುಷ್ಟಿ ಗಂಟಾಗುತ್ತದೆ. ಇನ್ನೊಂದು ಭಾರದ ಜಾತಿ. ಚರ್ಮದ ಮೇಲ್ಭಾಗ, ಗಟ್ಟಿ ತಳ, ಜೋಡಿಗೆ ಮುಕ್ಕಾಲು ಕೆಜಿ ಅಥವಾ ಇನ್ನೂ ಜಾಸ್ತಿ. ಹಿಮಾಲಯದಲ್ಲಿ ಸಡಿಲ ಕಲ್ಲುಗಳ ಮೇಲೆ ಭಾರ ಹೊತ್ತು ನಡೆಯುವವರಿಗೆ ಎರಡನೆಯದು ಸರಿ. ನಮ್ಮ ಬಂಡೆಗಳಿಗೆ ಅಷ್ಟೆಲ್ಲ ಬೇಡ. ಬೇಸಿಗೆಯಲ್ಲಿ ಚರ್ಮದ ಶೂ ಒಳಗೆ ಕಾಲು ಬೆಂದುಹೋಗುತ್ತದೆ.

ಇನ್ನು ಇವುಗಳ ಕೊರತೆ. ಬೆಲೆ ಮೊದಲನೆಯದು. ವಿದೇಶಿ ಬ್ರ್ಯಾಂಡಿನ ಒಂದು ಜೋಡಿಗೆ ಹತ್ತು ಸಾವಿರ ದಾಟುವುದು ಮಾಮೂಲು. ಎರಡನೆಯದು ಸವೆತ. ಕಲ್ಲಿಗೆ ಅಂಟುವ ಮೆತ್ತನೆ ರಬ್ಬರ್ ಟಾರು ರಸ್ತೆಯಲ್ಲಿ ಬೇಗ ಸವೆಯುತ್ತದೆ. ಈ ಶೂ ಹಾಕಿಕೊಂಡು ಮೆಟ್ರೋ ಹತ್ತಿ, ಆಫೀಸಿಗೆ ಹೋಗಿ, ಸಂಜೆ ವಾಕಿಂಗ್ ಮುಗಿಸಿದರೆ ಬೆರಳ ಕೆಳಗಿನ ನುಣುಪು ಜಾಗವೇ ಮೊದಲು ಹೋಗುತ್ತದೆ. ದುಡ್ಡು ಕೊಟ್ಟದ್ದೇ ಆ ಜಾಗಕ್ಕೆ. ಮೂರನೆಯದು, ಹಗುರ ಜಾತಿಯಲ್ಲಿ ಮೆತ್ತನೆ ಕಡಿಮೆ. ಗಂಟೆಗಟ್ಟಲೆ ಗಟ್ಟಿ ನೆಲದಲ್ಲಿ ನಡೆದರೆ ಅಂಗಾಲು ನೋಯುತ್ತದೆ.

ಯಾರಿಗೆ ಇದು? ರಾಮನಗರ, ಸಾವನದುರ್ಗದಂಥ ಬೋಳು ಬಂಡೆಗಳಿಗೆ ಪದೇ ಪದೇ ಹೋಗುವವರಿಗೆ. ಮಲ್ಟಿಪಿಚ್ ಹತ್ತಿ ನಡೆದು ಇಳಿಯುವವರಿಗೆ. ಹೊಸಬರನ್ನು ಕರೆದುಕೊಂಡು ಹೋಗಿ, ಹಗ್ಗ ಕಟ್ಟಲು ದಿನವಿಡೀ ಬಂಡೆಯ ಅಂಚಿನಲ್ಲಿ ಓಡಾಡುವವರಿಗೆ. ಇವರು ಬೇರೆ ಏನೋ ತಗೊಂಡು ಉಳಿಸಿದ ದುಡ್ಡು ನಿಜವಾದ ಉಳಿತಾಯ ಅಲ್ಲ.

ಟ್ರೇಲ್ ರನ್ನಿಂಗ್ ಶೂ

ಮಣ್ಣು ದಾರಿಯಲ್ಲಿ ಓಡುವವರ ಶೂ. ಈಗ ಕ್ಲೈಂಬರ್‌ಗಳಲ್ಲಿ ಬಹಳ ಜನ ಇದನ್ನೇ ಹಾಕುತ್ತಾರೆ, ಅದರಲ್ಲಿ ಅರ್ಥವೂ ಇದೆ. ಜೋಡಿ ಸುಮಾರು 500ರಿಂದ 650 ಗ್ರಾಂ, ಗಾಳಿಯಾಡುತ್ತದೆ, ನಡೆಯಲು ಅಪ್ರೋಚ್ ಶೂಗಿಂತ ಹಾಯಾಗಿರುತ್ತದೆ, ಬೇರೆ ದಿನ ಓಡಲೂ ಆಗುತ್ತದೆ.

ಆದರೆ ಅಂಗಡಿಯಲ್ಲಿ ಸೋಲ್ ನೋಡದೆ ತಗೊಳ್ಳಬೇಡಿ. ಸಾಲೊಮನ್ ಸ್ಪೀಡ್‌ಕ್ರಾಸ್ ಥರದ ಶೂಗಳಲ್ಲಿ ಉದ್ದನೆಯ, ದೂರ ದೂರ ಇರುವ ಹಲ್ಲುಗಳಿವೆ. ಕೆಸರಿನಲ್ಲಿ ಅದ್ಭುತ. ಬೋಳು ಗ್ರಾನೈಟ್ ಮೇಲೆ ಆ ಹಲ್ಲುಗಳ ತುದಿ ಮಾತ್ರ ಕಲ್ಲಿಗೆ ತಾಕುತ್ತದೆ, ಭಾರ ಬಿದ್ದಾಗ ಹಲ್ಲುಗಳು ಬಾಗುತ್ತವೆ. ಇಳಿಜಾರಿನಲ್ಲಿ ಕಾಲ ಕೆಳಗೆ ಏನೋ ಅಲುಗಾಡಿದಂತೆ ಅನ್ನಿಸುವುದು ಅದಕ್ಕೇ. ನಮ್ಮ ಕಲ್ಲಿಗೆ ಬೇಕಾದದ್ದು ಗಿಡ್ಡ, ಅಗಲ, ಒತ್ತೊತ್ತಾದ ಹಲ್ಲುಗಳ ಸೋಲ್. ವಿಬ್ರಮ್ ಮೆಗಾಗ್ರಿಪ್ ಅಂತ ಬರೆದಿದ್ದರೆ ರಬ್ಬರ್ ಬಗ್ಗೆ ಅರ್ಧ ಚಿಂತೆ ಕಳೆಯಿತು.

ಎರಡನೆಯದು ತಳದ ದಪ್ಪ. ಈಚಿನ ಓಟದ ಶೂಗಳಲ್ಲಿ ಫೋಮ್ ದಪ್ಪಗಾಗುತ್ತಲೇ ಇದೆ. ಓಡಲು ಸುಖ, ಗುಂಡುಗಳ ಮೇಲೆ ಕಷ್ಟ. ಪಾದ ಕಲ್ಲಿನಿಂದ ಎತ್ತರದಲ್ಲಿ ಇದ್ದಷ್ಟೂ ಹಿಮ್ಮಡಿಗಂಟು ಸುಲಭವಾಗಿ ಹೊರಳುತ್ತದೆ. ಕಾಲ ಕೆಳಗಿನ ಅಂಚು ಎಷ್ಟಿದೆ ಅನ್ನುವುದೂ ಗೊತ್ತಾಗುವುದಿಲ್ಲ. ಹಂಪಿಗೆ ಹೋಗುವವರು ತೆಳು ತಳದ್ದನ್ನೇ ಹುಡುಕಿ.

ಮೂರನೆಯದು ಜಾಲರಿ ಬಟ್ಟೆ. ಗ್ರಾನೈಟ್ ಬಿರುಕಿನಲ್ಲಿ ನಾಲ್ಕು ಸಲ ಕಾಲು ತುರುಕಿದರೆ ಕಿರುಬೆರಳ ಪಕ್ಕ ತೂತು ಬೀಳುತ್ತದೆ. ಒಣ ಹುಲ್ಲಿನ ಬೀಜಗಳು ಅದರಲ್ಲಿ ಸಿಕ್ಕಿಕೊಂಡು ಸಾಕ್ಸ್ ಒಳಗೆ ಇಳಿದು ಚುಚ್ಚುತ್ತವೆ. ಇದು ಸಹಿಸಬಹುದಾದ ತೊಂದರೆ, ಆದರೆ ಗೊತ್ತಿರಲಿ.

ಹಂಪಿ, ಬಾದಾಮಿ, ತುರಹಳ್ಳಿ ಕಡೆಗೆ ಹೋಗಿ ಒಂದೇ ಪಿಚ್ ಹತ್ತಿ ಹಗ್ಗದಲ್ಲೇ ಇಳಿಯುವವರಿಗೆ, ಬೌಲ್ಡರಿಂಗ್ (ಹಗ್ಗವಿಲ್ಲದೆ ಗುಂಡುಬಂಡೆ ಹತ್ತುವುದು) ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಒಂದೇ ಜೋಡಿಯಲ್ಲಿ ಎಲ್ಲಾ ಕೆಲಸ ಆಗಬೇಕು ಅನ್ನುವವರಿಗೂ ಅಷ್ಟೇ.

ಸಾವಿರ ಚಿಲ್ಲರೆಯ ಶೂಗಳು

ಇವುಗಳ ಬಗ್ಗೆ ಯಾರೂ ದೊಡ್ಡದಾಗಿ ಬರೆಯುವುದಿಲ್ಲ, ನನಗೆ ಬೇಜಾರು. ಮಹಾರಾಷ್ಟ್ರದ ಸಹ್ಯಾದ್ರಿ ಹತ್ತುವವರನ್ನು ಕೇಳಿ ನೋಡಿ. ಆ್ಯಕ್ಷನ್ ಟ್ರೆಕ್ಕಿಂಗ್ ಶೂ ಹೆಸರು ಹೇಳದೆ ಬಿಡುವುದಿಲ್ಲ. ಕಡಿಮೆ ಬೆಲೆ, ಕಲ್ಲಿನ ಮೇಲೆ ಒಳ್ಳೆಯ ಹಿಡಿತ. ಹಿಮಾಲಯದ ದಾರಿಗಳಲ್ಲಿ ಭಾರ ಹೊರುವವರ ಕಾಲಲ್ಲಿ ನೇಪಾಳದ ಗೋಲ್ಡ್‌ಸ್ಟಾರ್ ಶೂ ಕಾಣುತ್ತದೆ. ತೆಳು ತಳ, ಅಗಲ ಮುಂಭಾಗ, ಹಗುರ. ಬೆನ್ನ ಮೇಲೆ ದೊಡ್ಡ ಹೊರೆ ಹೊತ್ತು ಅದರಲ್ಲಿ ಇಡೀ ಋತು ನಡೆಯುತ್ತಾರೆ. ಇವರ ಕಾಲಿನ ಅನುಭವಕ್ಕಿಂತ ದೊಡ್ಡ ಪರೀಕ್ಷೆ ಯಾವ ಕಂಪನಿ ಮಾಡಿದೆ?

ಕೊರತೆಗಳೂ ಇವೆ. ತಳ ಬಾಗುತ್ತದೆ, ಸಣ್ಣ ಅಂಚಿನ ಮೇಲೆ ನಿಂತರೆ ಮೀನಖಂಡ ಬೇಗ ಸೋಲುತ್ತದೆ. ಒಳಗಿನ ಮೆತ್ತೆ ಬಹಳ ದಿನ ಬರುವುದಿಲ್ಲ. ಚೂಪು ಕಲ್ಲಿಗೆ ಬೆರಳು ತಾಗಿದರೆ ಕಾಯುವ ರಬ್ಬರ್ ಪಟ್ಟಿ ತೆಳು. ಅಂಗಡಿಯಿಂದ ಅಂಗಡಿಗೆ, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಸೋಲ್‌ನ ಗುಣ ಬೇರೆಯಾಗಿ ಬರುವುದೂ ಉಂಟು. ಹಾಗಾಗಿ ಕೈಯಲ್ಲಿ ಹಿಡಿದು, ಉಗುರಿನಿಂದ ಒತ್ತಿ ನೋಡಿ ತಗೊಳ್ಳಿ.

ಕಾಲೇಜು ವಿದ್ಯಾರ್ಥಿಗಳಿಗೆ, ಈಗಷ್ಟೇ ಶುರು ಮಾಡಿದವರಿಗೆ ನನ್ನ ಸಲಹೆ ಖಚಿತ. ಮೊದಲ ವರ್ಷ ಇಂಥದ್ದೊಂದು ಸಾಕು. ಉಳಿದ ದುಡ್ಡನ್ನು ಒಳ್ಳೆಯ ಕ್ಲೈಂಬಿಂಗ್ ಶೂ, ಹೆಲ್ಮೆಟ್‌ಗೆ ಹಾಕಿ.

ಡೆಕಾಥ್ಲಾನ್‌ನಲ್ಲಿ ಸಿಗುವ ಅಗ್ಗದ ಹೈಕಿಂಗ್ ಶೂಗಳು ಇವುಗಳಿಗೂ ದುಬಾರಿ ಶೂಗಳಿಗೂ ನಡುವೆ ಬರುತ್ತವೆ. ನಡೆಯಲು ಚೆನ್ನ, ಬೆಲೆಯೂ ಪರವಾಗಿಲ್ಲ. ಆದರೆ ಅವುಗಳ ಕೆಳಗಿನ ರಬ್ಬರ್ ಬಹಳ ದಿನ ಬರಲಿ ಅಂತ ಸ್ವಲ್ಪ ಗಟ್ಟಿ ಮಾಡಿದ್ದು. ಮಣ್ಣು ದಾರಿಗೆ ಸರಿ, ಕಡಿದಾದ ಬೋಳು ಬಂಡೆಗೆ ಅದನ್ನು ನಂಬಬೇಡಿ.

ಚಪ್ಪಲಿ, ಸ್ಯಾಂಡಲ್

ಚಪ್ಪಲಿಯ ಪರವಾಗಿ ಹೇಳುವುದು ಬಹಳ ಇದೆ. ಹಗುರ. ಎರಡು ರೂಟಿನ ನಡುವೆ ಕಾಲು ಆರಿಸಿಕೊಳ್ಳಲು ಇದರಷ್ಟು ಸುಖ ಬೇರೆ ಇಲ್ಲ. ಬಿಗಿ ಶೂನಿಂದ ಬಿಡುಗಡೆಯಾದ ಬೆರಳುಗಳು ಅಗಲವಾಗಿ ಹರಡಿಕೊಳ್ಳುತ್ತವೆ. ಸಾವನದುರ್ಗದ ಬುಡದಲ್ಲಿ ವೀರಭದ್ರ, ನರಸಿಂಹ ದೇವಸ್ಥಾನಗಳಿವೆ. ರಾಮನಗರದ ರಾಮದೇವರ ಬೆಟ್ಟದ ಮೇಲೂ ಗುಡಿ ಇದೆ. ಹೋಗುವಾಗ ಕೈಮುಗಿದು ಹೋಗುವ ಅಭ್ಯಾಸ ಇದ್ದವರಿಗೆ ಬಿಚ್ಚಿ ಹಾಕಲು ಚಪ್ಪಲಿ ಸಲೀಸು.

ಆದರೆ ಹವಾಯಿ ಚಪ್ಪಲಿಯಲ್ಲಿ ಇಳಿಜಾರು ಇಳಿದು ನೋಡಿ. ಪಾದ ಮುಂದೆ ಜರುಗಿ ಬಾರು ಬೆರಳ ಸಂದಿಗೆ ಕೊಯ್ಯುತ್ತದೆ. ಬೆವರಿದರೆ ಕಾಲು ಚಪ್ಪಲಿಯ ಮೇಲೆಯೇ ಜಾರುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಅದರ ಮೆತ್ತನೆ ತಳದಲ್ಲಿ ನೇರವಾಗಿ ಇಳಿಯುತ್ತದೆ. ಕೆಲವು ಸಲ ಆಗಲೇ ಚುಚ್ಚುವುದಿಲ್ಲ. ತಳದಲ್ಲಿ ಮುರಿದು ಉಳಿದುಕೊಂಡು, ತಳ ಸವೆದಂತೆ ಸ್ವಲ್ಪ ಸ್ವಲ್ಪ ಮೇಲೆ ಬಂದು, ವಾರದ ಮೇಲೆ ಯಾವಾಗಲೋ ಅಂಗಾಲಿಗೆ ಸಿಗುತ್ತದೆ. ಆ ಊರುಗಳಲ್ಲಿ ಸೈಕಲ್ ಇಟ್ಟವರಿಗೆಲ್ಲ ಈ ಮುಳ್ಳಿನ ಪರಿಚಯ ಇದೆ.

ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಇದಕ್ಕಿಂತ ಎಷ್ಟೋ ಮೇಲು. ಕಾಲು ಕಳಚಿಕೊಳ್ಳುವುದಿಲ್ಲ, ತಳವೂ ದಪ್ಪ. ಬಾದಾಮಿಯಲ್ಲಿ ಮರಳು ಒಳಗೆ ಸೇರಿದರೂ ಒಮ್ಮೆ ಕೊಡವಿದರೆ ಆಯಿತು. ಬೆರಳುಗಳಿಗೆ ರಕ್ಷಣೆ ಇಲ್ಲ ಅನ್ನುವುದೇ ತಕರಾರು. ಬಿಲೇ ಮಾಡುವಾಗ ಮೇಲಿನವರು ಬಿದ್ದರೆ ಹಗ್ಗ ನಿಮ್ಮನ್ನು ಬಂಡೆಯ ಕಡೆಗೆ ಎಳೆಯುತ್ತದೆ, ಕಾಲು ಮುಂದೆ ಚಾಚಿ ಬಂಡೆಗೆ ಒತ್ತಬೇಕಾಗುತ್ತದೆ. ತೆರೆದ ಬೆರಳು ಅಲ್ಲಿ ಕಲ್ಲಿಗೆ ಬಡಿದರೆ ನೋವಿಗೆ ಕೈ ಸಡಿಲವಾಗಬಹುದು. ಹಗ್ಗದ ಇನ್ನೊಂದು ತುದಿಯಲ್ಲಿ ಒಬ್ಬರ ಜೀವ ಇದೆ. ನನ್ನ ಗುಂಪಿನಲ್ಲಿ ಮುಂಭಾಗ ಮುಚ್ಚಿದ ಶೂ ಇಲ್ಲದೆ ಬಿಲೇ ಮಾಡುವುದು ಬೇಡ ಅಂತ ನೇರವಾಗಿ ಹೇಳುತ್ತೇನೆ.

ಮತ್ತೆ ಹಾವು. ಕೊಳಕುಮಂಡಲ, ಗರಗಸಮಂಡಲ ಎರಡೂ ಒಣ ಕಲ್ಲು ಪ್ರದೇಶದಲ್ಲಿ ಇರುವಂಥವು. ಮುಸ್ಸಂಜೆ ಹೊತ್ತಿಗೆ ಲಂಟಾನ ಪೊದೆಗಳ ನಡುವೆ ನಡೆಯಬೇಕಾದ ದಾರಿ ಇದ್ದರೆ ಚಪ್ಪಲಿ ಚೀಲದಲ್ಲೇ ಇರಲಿ. ಮುಚ್ಚಿದ ಶೂ ಹಾಕಿ, ಟಾರ್ಚ್ ಹಿಡಿದು ನಡೆಯಿರಿ.

ಚಪ್ಪಲಿ ಎರಡನೆಯ ಜೋಡಿಯಾಗಿ ಬರಲಿ, ಮೊದಲನೆಯದಾಗಿ ಬೇಡ.

ಎತ್ತರದ ಟ್ರೆಕ್ಕಿಂಗ್ ಬೂಟು

ಇದಕ್ಕೆ ನಾಲ್ಕು ಸಾಲು ಸಾಕು. ಜೋಡಿ ಒಂದು ಕೆಜಿ ದಾಟುತ್ತದೆ, ಸೆಕೆ, ಹಾರ್ನೆಸ್‌ಗೆ ನೇತುಹಾಕಿದರೆ ಪ್ರತಿ ಹೆಜ್ಜೆಗೂ ತೊಡೆಗೆ ಬಡಿಯುತ್ತದೆ. ಗಟ್ಟಿ ತಳದಲ್ಲಿ ಕಲ್ಲಿನ ಸ್ಪರ್ಶವೇ ತಿಳಿಯುವುದಿಲ್ಲ. ಹಿಮದ ದಾರಿಗೆ ಇಟ್ಟುಕೊಳ್ಳಿ. ಹಿಂದೆ ಹಿಮ್ಮಡಿಗಂಟು ಉಳುಕಿ ಇನ್ನೂ ಬಲ ಬಂದಿಲ್ಲದವರು ಮಾತ್ರ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ ತೀರ್ಮಾನಿಸಿ.

ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು

ಸಂಜೆ ಹೋಗಿ. ದಿನವಿಡೀ ನಡೆದ ಪಾದ ಸ್ವಲ್ಪ ಊದಿರುತ್ತದೆ, ಬಂಡೆಯ ಹತ್ತಿರ ನಿಮ್ಮ ಪಾದ ಇರುವುದೂ ಹಾಗೆಯೇ. ಅಲ್ಲಿ ಹಾಕುವ ಸಾಕ್ಸನ್ನೇ ತೆಗೆದುಕೊಂಡು ಹೋಗಿ.

ಲೇಸು ಕಟ್ಟಿ, ಇಳಿಜಾರು ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಮೆಟ್ಟಿಲ ಮೇಲೆ ಕೆಳಮುಖವಾಗಿ ನಿಲ್ಲಿ. ಹೆಬ್ಬೆರಳು ಮುಂದಕ್ಕೆ ತಾಗಿದರೆ ಅಳತೆ ಚಿಕ್ಕದು. ಸಾವನದುರ್ಗ ಇಳಿದು ಬರುವಷ್ಟರಲ್ಲಿ ಉಗುರು ಕಪ್ಪಾಗುತ್ತದೆ. ಆಮೇಲೆ ಮೆಟ್ಟಿಲ ಅಂಚಿನ ಮೇಲೆ ಮುಂಪಾದ ಮಾತ್ರ ಇಟ್ಟು ನಿಂತು ನೋಡಿ. ತಳ ಪೂರ್ತಿ ಬಾಗಿ ಹಿಮ್ಮಡಿ ಕೆಳಗೆ ಜಗ್ಗಿದರೆ ಅದು ಬರೀ ನಡೆಯುವ ಶೂ. ಸ್ವಲ್ಪ ತಡೆದು ನಿಂತರೆ ಬಂಡೆಯ ಸಣ್ಣ ಅಂಚಿಗೂ ಆದೀತು.

ಸೋಲ್‌ಗೆ ಹೆಬ್ಬೆರಳ ಉಗುರು ಒತ್ತಿ. ಗುರುತು ಬಿದ್ದು ನಿಧಾನಕ್ಕೆ ಮಾಯವಾದರೆ ಮೆತ್ತನೆ ರಬ್ಬರ್. ಉಗುರೇ ಜಾರಿದರೆ ಗಟ್ಟಿ. ಇದು ಪ್ರಯೋಗಾಲಯದ ಪರೀಕ್ಷೆ ಅಲ್ಲ, ಆದರೆ ಎರಡು ಶೂ ಪಕ್ಕಪಕ್ಕ ಇಟ್ಟು ಮಾಡಿದರೆ ವ್ಯತ್ಯಾಸ ತಿಳಿಯುತ್ತದೆ.

ಅಗಲದ ವಿಷಯದಲ್ಲಿ ಹಟ ಮಾಡಿ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಓಡಾಡಿ ಬೆಳೆದವರ ಪಾದ ಬೆರಳುಗಳ ಹತ್ತಿರ ಅಗಲ ಜಾಸ್ತಿ. ಯುರೋಪಿನ ಹಲವು ಶೂಗಳ ಅಚ್ಚು ಅಲ್ಲಿ ಕಿರಿದು. ಉದ್ದ ಒಂದು ನಂಬರ್ ಹೆಚ್ಚು ಮಾಡಿ ಅಗಲ ಸರಿಮಾಡಿಕೊಳ್ಳೋಣ ಅಂದರೆ ಹಿಮ್ಮಡಿ ಸಡಿಲವಾಗಿ ಗುಳ್ಳೆ ಏಳುತ್ತದೆ. ಕಿರುಬೆರಳು ಒತ್ತುತ್ತಿದ್ದರೆ ಆ ಮಾದರಿಯನ್ನೇ ಬಿಟ್ಟುಬಿಡಿ, ಹಾಕುತ್ತಾ ಹಾಕುತ್ತಾ ಸರಿಹೋಗುತ್ತದೆ ಅನ್ನುವ ಮಾರಾಟಗಾರರ ಮಾತು ಬೇಡ. ಸಿಂಥೆಟಿಕ್ ಬಟ್ಟೆ ಚರ್ಮದ ಹಾಗೆ ಹಿಗ್ಗುವುದಿಲ್ಲ.

ತೂಕವನ್ನು ಡಬ್ಬದ ಮೇಲೆ ಓದಬೇಡಿ. ಕೆಲವರು ಒಂದೇ ಕಾಲಿನದು ಬರೆಯುತ್ತಾರೆ, ಕೆಲವರು ಜೋಡಿಯದು, ಅದೂ ಒಂದು ನಿರ್ದಿಷ್ಟ ಅಳತೆಗೆ. ಮನೆಯಲ್ಲಿ ಅಡುಗೆ ತಕ್ಕಡಿ ಇದ್ದರೆ ಈಗಿರುವ ಶೂ ತೂಗಿ ನೋಡಿಕೊಂಡು ಹೋಗಿ. ಸಾವನದುರ್ಗದಂಥ ಕಡೆ ಹೊತ್ತು ಹತ್ತುವುದಾದರೆ ಜೋಡಿ 650 ಗ್ರಾಂ ಒಳಗೆ ಇರಲಿ. ಬುಡದಲ್ಲೇ ಬಿಟ್ಟು ಹತ್ತುವವರು ತೂಕದ ಹಿಂದೆ ಬೀಳಬೇಕಾಗಿಲ್ಲ. ನೂರು ಗ್ರಾಂ ಉಳಿಸಲು ಹೋಗಿ ಒಳ್ಳೆಯ ರಬ್ಬರ್ ಬಿಟ್ಟುಕೊಟ್ಟರೆ ನಷ್ಟ ನಿಮಗೇ.

ಹಿಮ್ಮಡಿಯ ಹಿಂದೆ ಬಟ್ಟೆಯ ಕುಣಿಕೆ ಇದೆಯಾ ನೋಡಿ, ಎಳೆದು ನೋಡಿ. ಕ್ಯಾರಬೀನರ್‌ಗೆ (ಲೋಹದ ಕೊಂಡಿಗೆ) ಸಿಕ್ಕಿಸುವುದು ಅದನ್ನೇ. ಹೊಲಿಗೆ ತೆಳುವಾಗಿದ್ದರೆ ಲೇಸುಗಳನ್ನೂ ಸೇರಿಸಿ ಸಿಕ್ಕಿಸಿ. ಒಂದು ಶೂ ಮೇಲಿನಿಂದ ಬಿದ್ದರೆ ಕೆಳಗಿನವರ ತಲೆಗೂ ಅಪಾಯ, ಉಳಿದ ಒಂದು ಶೂನಲ್ಲಿ ಇಳಿಯುವುದು ನಿಮಗೂ ಕಷ್ಟ. ಎರಡನ್ನೂ ಸೋಲ್‌ಗೆ ಸೋಲ್ ಸೇರಿಸಿ ಬಿಗಿದು ಹಾರ್ನೆಸ್‌ನ ಹಿಂಬದಿಗೆ ಹಾಕಿದರೆ ಕಾಲಿಗೆ ತಾಗುವುದಿಲ್ಲ. ಅಗಲ ಬಿರುಕಿನಲ್ಲಿ ಮೈ ತೂರಿಸಿ ಹತ್ತುವ ರೂಟ್ ಆದರೆ ಹಾರ್ನೆಸ್‌ನಿಂದ ಉದ್ದ ಬಟ್ಟೆಪಟ್ಟಿಯ ಸ್ಲಿಂಗ್‌ನಲ್ಲಿ ಕೆಳಗೆ ಇಳಿಬಿಡಿ.

ಬಾಳಿಕೆ

ಹೊಸ ಶೂ ತಂದ ಕೂಡಲೇ ಸೋಲ್ ಸುತ್ತ ಹೊಲಿಗೆ ಹಾಕಿಸುವ ಅಭ್ಯಾಸ ನಮ್ಮಲ್ಲಿದೆ. ಸಾವಿರ ಚಿಲ್ಲರೆಯ ಶೂಗೆ ಖಂಡಿತ ಹಾಕಿಸಿ, ಬಾಳಿಕೆ ಬರುತ್ತದೆ. ಅಪ್ರೋಚ್ ಶೂಗೆ ಬೇಡ. ದಾರ ಸೋಲ್‌ನ ಕೆಳಭಾಗದಲ್ಲಿ ಎದ್ದು ನಿಂತರೆ, ಕಲ್ಲಿಗೆ ತಾಕಬೇಕಾದ ಅಂಚಿನಲ್ಲೇ ರಬ್ಬರ್ ಬದಲು ದಾರ ತಾಕುತ್ತದೆ. ಕಲ್ಲಿಗೆ ಉಜ್ಜಿ ದಾರ ಹರಿದ ಮೇಲೆ ಉಳಿಯುವುದು ಬರೀ ತೂತುಗಳು. ಅಂಟು ಬಿಟ್ಟ ಕಡೆ ಮರಳು ತೆಗೆದು, ಒರೆಸಿ, ಒಣಗಿಸಿ, ಶೂಗೆ ಬಳಸುವ ಅಂಟು ಹಾಕಿ ಒತ್ತಿ ಕಟ್ಟಿಡುವುದೇ ಸರಿ.

ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಶೂ ಬಿಟ್ಟು ಬರಬೇಡಿ. ಶಾಖಕ್ಕೆ ಅಂಟು ಸಡಿಲವಾಗುತ್ತದೆ. ಹಳೆಯ ಶೂ ಕಪಾಟಿನಲ್ಲಿ ವರ್ಷಗಟ್ಟಲೆ ಜೋಪಾನವಾಗಿ ಇಟ್ಟಿದ್ದೀರಾ? ತಳದ ನಡುವಿನ ಪದರ ಪಾಲಿಯುರೆಥೇನ್ ಆಗಿದ್ದರೆ ಗಾಳಿಯ ತೇವಕ್ಕೆ ಅದು ಒಳಗೊಳಗೇ ಕೆಡುತ್ತಿರುತ್ತದೆ. ನೋಡಲು ಹೊಸದೇ, ನಡೆದಾಗ ಪುಡಿಪುಡಿ. ಅಂಥ ಶೂ ಹಾಕಿಕೊಂಡು ಬೆಟ್ಟಕ್ಕೆ ಹೋಗುವ ಮುಂಚೆ ಮನೆಯ ಸುತ್ತ ಒಂದು ಗಂಟೆ ಓಡಾಡಿ, ತಳವನ್ನು ಜೋರಾಗಿ ಮಡಚಿ ನೋಡಿ.

ಬಂಡೆಯ ಮೇಲೆ ಕಾಲಿಡುವ ಮುಂಚೆ ಸೋಲ್ ಒರೆಸಿ. ಮಣ್ಣಿನ ದಾರಿಯಿಂದ ಬಂದ ಶೂನ ಕೆಳಗೆ ಧೂಳಿನ ಪದರ ಇರುತ್ತದೆ, ಎಷ್ಟು ಒಳ್ಳೆಯ ರಬ್ಬರ್ ಆದರೂ ಧೂಳಿನ ಮೇಲೆ ಜಾರುತ್ತದೆ. ಪ್ಯಾಂಟಿನ ಹಿಂದೆ ಎರಡು ಸಲ ಉಜ್ಜಿದರೂ ಸಾಕು. ಮುಂಭಾಗದ ನುಣುಪು ಜಾಗ ಹೊಳೆಯಲು ಶುರುವಾಗಿದ್ದರೆ ಒದ್ದೆ ಬ್ರಶ್‌ನಿಂದ ತಿಕ್ಕಿ ತೊಳೆಯಿರಿ, ಹಿಡಿತ ವಾಪಸ್ ಬರುತ್ತದೆ. ನೆರಳಿನಲ್ಲಿ ಒಣಗಿಸಿ.

ಬುಡದಲ್ಲಿ ಬಿಚ್ಚಿಟ್ಟು ಹತ್ತುವವರು ಶೂ ಹಾಗೇ ಬಿಡಬೇಡಿ. ಬಾದಾಮಿ, ಹಂಪಿಯ ಕೋತಿಗಳು ಶೂ ಎತ್ತಿಕೊಂಡು ಬಂಡೆಯ ಮೇಲೆ ಹೋಗಿ ಕೂತರೆ ವಾಪಸ್ ಸಿಗುವುದು ಅವುಗಳ ಮನಸ್ಸಿಗೆ ಬಂದಾಗ. ಚೀಲದ ಒಳಗೆ ಹಾಕಿ ಜಿಪ್ ಎಳೆಯಿರಿ. ಹೊರಗೇ ಇಟ್ಟಿದ್ದರೆ, ಹಾಕಿಕೊಳ್ಳುವ ಮುಂಚೆ ತಲೆಕೆಳಗೆ ಮಾಡಿ ಕಲ್ಲಿಗೆ ಎರಡು ಸಲ ಬಡಿಯಿರಿ. ನೆರಳು ಹುಡುಕಿಕೊಂಡು ಚೇಳು ಒಳಗೆ ಸೇರಿರಬಹುದು.